ಕಲ್ನಾರು ಕೆಲಸಗಾರರ ಕಾಯಿಲೆಗಳು

ಕಲ್ಲೇ ಆದರೂ ಹತ್ತಿಯ ಹಾಗೆ ಹಿಂಜಿ ನೂಲಬಹುದಾದ ಖನಿಜ ಆಸ್ಬೆಸ್ಟಾಸ್. ಕಲ್ನಾರು ಎಂಬ ಕನ್ನಡದ ಹೆಸರು ಈ ಗುಣವನ್ನೇ ಹೇಳುತ್ತದೆ. ಬೆಂಕಿಗೆ ಜಗ್ಗದ ಈ ನಾರು ಉಗಿಯಂತ್ರಗಳ ಕಾಲದಲ್ಲಿ ಬಾಯ್ಲರು, ಕೊಳವೆಗಳ ಹೊದಿಕೆಯಾಯಿತು. ಅದನ್ನು ನೂಲಲು ಗಿರಣಿಗಳೂ ಎದ್ದವು. ಹಿಂಜುವಾಗ ಏಳುವ ದೂಳಿನ ಅತಿ ಸಣ್ಣ ಎಳೆಗಳು ಶ್ವಾಸಕೋಶದ ಆಳಕ್ಕಿಳಿದರೆ ಅಲ್ಲೇ ಉಳಿದುಬಿಡುತ್ತವೆ. ಅವುಗಳ ಸುತ್ತಲಿನ ಅಂಗಾಂಶ ಮಾಯ್ದ ಗಾಯದ ಕಲೆಯಂತೆ ಗಟ್ಟಿಯಾಗಿ, ವರ್ಷಗಳು ಕಳೆದಂತೆ ಉಸಿರು ಗಿಡ್ಡವಾಗುತ್ತದೆ. ಇದೇ ಆಸ್ಬೆಸ್ಟೋಸಿಸ್, ಈ ದೂಳು ತರುವ ಕಾಯಿಲೆಗಳಲ್ಲಿ ಮೊದಲನೆಯದು. ಶ್ವಾಸಕೋಶದ ಕ್ಯಾನ್ಸರು ಎರಡನೆಯದು. ಶ್ವಾಸಕೋಶವನ್ನು ಸುತ್ತಿದ ಪೊರೆಗೆ ಅಥವಾ ಹೊಟ್ಟೆಯ ಒಳಪೊರೆಗೆ ಹತ್ತುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರು ಮೂರನೆಯದು. ದೂಳು ಕುಡಿದ 20ರಿಂದ 50 ವರ್ಷಗಳ ಮೇಲೆ ಅದು ತಲೆಯೆತ್ತಬಹುದು. ಕಾಯಿಲೆ ಬರುವ ಹೊತ್ತಿಗೆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಕಾಯಿಲೆಗೆ ಆ ಕೆಲಸವೇ ಕಾರಣವೆಂದು ತೋರಿಸುವುದು ಕಷ್ಟ; ಇದರಿಂದ ಅನುಕೂಲವಾದದ್ದು ಮಾಲೀಕರಿಗೆ.

ಎಚ್ಚರಿಕೆ ಮಾತ್ರ ತಡವಾಗಿ ಬರಲಿಲ್ಲ. 1898ರಲ್ಲೇ ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್, ಸೂಕ್ಷ್ಮದರ್ಶಕದಲ್ಲಿ ಈ ದೂಳಿನ ಕಣಗಳು ಗಾಜಿನ ಚೂರಿನಂತೆ ಮೊನಚಾಗಿ ಕಂಡವೆಂದು ವರದಿ ಮಾಡಿದ್ದರು. ಅದು ಕಡತ ಸೇರಿತು. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಟರ್ನರ್ ಬ್ರದರ್ಸ್ ಗಿರಣಿಯಲ್ಲಿ ನೂಲುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ, 33ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಸಿಗೆ ಹಿಡಿದಾಗ ಪರಿಹಾರ ಕೇಳಿದ್ದರು. ಕಂಪನಿ ಹೊಣೆ ಒಪ್ಪಲಿಲ್ಲ. ಅವರ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ಡಬ್ಲ್ಯು. ಇ. ಕುಕ್ ಅಲ್ಲಿ ಕಲ್ನಾರಿನ ಕಣಗಳನ್ನು ಕಂಡು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕಾಯಿಲೆಗೆ ಆಸ್ಬೆಸ್ಟೋಸಿಸ್ ಎಂಬ ಹೆಸರನ್ನು 1927ರಲ್ಲಿ ಬಳಕೆಗೆ ತಂದವರೂ ಅವರೇ.

ಆಮೇಲೆ ಸರ್ಕಾರವೇ ತನಿಖೆಗಿಳಿಯಿತು. ತನಿಖೆ ನಡೆಸಿದ ಮೆರೆವೆದರ್ ಮತ್ತು ಪ್ರೈಸ್ 1930ರಲ್ಲಿ ಕೊಟ್ಟ ವರದಿಯಂತೆ, ಪರೀಕ್ಷಿಸಿದ 363 ಕೆಲಸಗಾರರಲ್ಲಿ 95 ಮಂದಿಯ ಶ್ವಾಸಕೋಶ ಗಟ್ಟಿಯಾಗಿತ್ತು. ಮರುವರ್ಷ ದೂಳು ತಡೆಯುವ ನಿಯಮಗಳು ಬಂದವು. ಆದರೆ ಅವು ಮುಖ್ಯವಾಗಿ ಗಿರಣಿಗಳ ಕೆಲವು ಕೆಲಸಗಳಿಗೆ. ಹಡಗುಗಳಲ್ಲಿ ಕೊಳವೆಗೆ ಕಲ್ನಾರು ಸುತ್ತುತ್ತಿದ್ದ ಬಹುಪಾಲು ಜನ ಹೊರಗೇ ಉಳಿದರು. 1955ರಲ್ಲಿ ಬ್ರಿಟನ್ನಿನ ಸಂಶೋಧಕ ರಿಚರ್ಡ್ ಡಾಲ್, 20 ವರ್ಷಕ್ಕೂ ಹೆಚ್ಚು ಕಾಲ ಈ ದೂಳಿನಲ್ಲಿ ದುಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಹತ್ತು ಪಟ್ಟು ಎಂದು ತೋರಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕ ವ್ಯಾಗ್ನರ್ ಮತ್ತು ಸಂಗಡಿಗರು ಕಲ್ನಾರಿನ ಒಂದು ಬಗೆಯಾದ ನೀಲಿ ಕಲ್ನಾರಿನ ಗಣಿಸೀಮೆಯಲ್ಲಿ 33 ಮೀಸೋಥೀಲಿಯೋಮಾ ಪ್ರಕರಣಗಳನ್ನು ಪ್ರಕಟಿಸಿದರು. ಈ ರೋಗಿಗಳಲ್ಲಿ ಗಣಿಗೇ ಇಳಿಯದೆ, ಬರೀ ಆಸುಪಾಸಿನಲ್ಲಿ ಬೆಳೆದವರೂ ಇದ್ದರು. ಬ್ರಿಟನ್ ಸಂಪೂರ್ಣ ನಿಷೇಧಕ್ಕೆ ಬಂದದ್ದು 1999ರಲ್ಲಿ, ಡೀನ್ ವರದಿಯಾದ 101 ವರ್ಷಕ್ಕೆ.

ಭಾರತದಲ್ಲಿ ಇನ್ನೊಂದು ಬಗೆಯಾದ ಬಿಳಿ ಕಲ್ನಾರಿಗೆ ಇಂಥ ಪೂರ್ಣ ನಿಷೇಧವಿಲ್ಲ. ಹೊರದೇಶದಿಂದ ತರಿಸಿದ ನಾರಿಗೆ ಸಿಮೆಂಟು ಬೆರೆಸಿ ಮಾಡುವ ಚಾವಣಿಯೇ ನಮ್ಮಲ್ಲಿ ಜನ ‘ಶೀಟು’ ಎನ್ನುವುದು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಮುಗಿಯುವುದೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಕಾಯಿಲೆಯ ನಿಧಾನವನ್ನು ಅರಿತ ಆದೇಶವದು. ಆದರೆ ದಾಖಲೆ ಇರುವುದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ. ಮಾಡು ಹತ್ತಿ ಶೀಟಿಗೆ ತೂತು ಕೊರೆಯುವ, ಹಳೆಯದನ್ನು ಒಡೆದು ಕೆಳಗಿಳಿಸುವ ದಿನಗೂಲಿಯವನ ಹೆಸರು ಯಾವ ಪುಸ್ತಕಕ್ಕೂ ಏರುವುದಿಲ್ಲ.