ಹಾಳುಗುಡಿಯೂ ಚಿತ್ರಕಾರನ ಕಣ್ಣೂ

ಹಾಳುಗುಡಿಯ ನೆರಳಿನಲ್ಲಿ ದನ ಮೇಯುವ ನೋಟವು ನಮ್ಮ ನಾಡಿನವರಿಗೆ ಹೊಸದಲ್ಲ. ಅದನ್ನು ಚಿತ್ರವಾಗಿ ಬರೆದು ಗೋಡೆಗೆ ತೂಗಹಾಕಬೇಕೆಂಬ ಆಸೆ ಮಾತ್ರ ನಮ್ಮ ಹಿರಿಯರಿಗೆ ಹುಟ್ಟಿದಂತೆ ಕಾಣದು.

ಹದಿನೇಳನೆಯ ಶತಮಾನದ ರೋಮಿನಲ್ಲಿ ಆ ಆಸೆಯು ಬಲವಾಗಿದ್ದಿತು. ಲೊರೇನ್ ಸೀಮೆಯಿಂದ ಬಂದು ಅಲ್ಲಿಯೇ ನೆಲಸಿ 1682ರಲ್ಲಿ ತೀರಿಕೊಂಡ ಕ್ಲೋಡನೆಂಬ ಚಿತ್ರಕಾರನು 1636ರ ಸುಮಾರಿಗೆ ಪ್ರಾಚೀನ ರೋಮಕರ ಸಭಾಸ್ಥಾನವಾದ ಫೋರಮನ್ನು ಚಿತ್ರಿಸಿದನು. ಆಗ ಅದರ ಕಂಬಗಳೂ ವಿಜಯದ್ವಾರಗಳೂ ಮಣ್ಣಿನಲ್ಲಿ ಅರ್ಧ ಹೂತಿದ್ದುವು. ಅಲ್ಲಿ ದನಗಳ ಸಂತೆ ನೆರೆಯುತ್ತಿದ್ದಿತು. ಜನರು ಅದನ್ನು ದನಗಳ ಬಯಲೆಂದೇ ಕರೆಯುತ್ತಿದ್ದರು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಆ ಚಿತ್ರವನ್ನು ನೋಡುವವರ ಮನಸ್ಸಿಗೆ ಹಿತವಾಗುತ್ತದೆ. ಯಾರು ಕಟ್ಟಿದರು, ಯಾರು ಕೆಡವಿದರು, ಯಾರು ಅತ್ತರು ಎಂಬ ಪ್ರಶ್ನೆಯೇ ಏಳದು.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ನಿಂತಾಗ ನಮಗೆ ಈ ಚಿತ್ರವು ನೆನಪಾಯಿತು. ಅಲ್ಲಿಯ ನಗರೇಶ್ವರನ ಗುಡಿಯೂ ಸುತ್ತಣ ನೆಲಕ್ಕಿಂತ ತಗ್ಗಿನಲ್ಲಿದೆ. ಹೊರಗೆ ಸರಕಾರದವರು ಸಾಕಿದ ಖಿಲಾರಿ ದನಗಳು. ಕಂದಕದ ಪೊದೆಗಳಲ್ಲಿ ನವಿಲುಗಳು. ಕ್ಲೋಡನು ಬಂದಿದ್ದರೆ ಅಲ್ಲಿಯೇ ಬಣ್ಣ ಕಲಸಲು ಕುಳಿತುಬಿಡುತ್ತಿದ್ದನು. ನಾವೂ ಕ್ಷಣಕಾಲ ಮೈಮರೆತೆವೆಂದು ಒಪ್ಪಿಕೊಳ್ಳಬೇಕು.

ಆದರೆ ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದುದು ಈ ಊರಿನಿಂದ. 898ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದುದೂ ಇಲ್ಲಿಯೇ. 1575ರ ಸುಮಾರಿಗೆ ಬಿಜಾಪುರದ ಒಂದನೆಯ ಅಲಿ ಆದಿಲ್ ಶಾಹನು ವರ್ಷಕ್ಕೂ ಮಿಕ್ಕಿ ಮುತ್ತಿಗೆಯಿಟ್ಟು ಕೋಟೆಯನ್ನು ಹಿಡಿದು, ಒಳಗಿನ ದೊಡ್ಡ ದೇವಾಲಯವೊಂದನ್ನು ಕೆಡಹಿಸಿದನೆಂದು ಫೆರಿಷ್ತನು ಬರೆದಿದ್ದಾನೆ. ಮುಂದೆ ಕೋಟೆಯು ಸವಣೂರಿನ ನವಾಬರ ಕೈಸೇರಿತು. ಇಲ್ಲಿಯ ಕಲ್ಲುಗಳು ಚಿತ್ರಕ್ಕೆ ಒಪ್ಪಲೆಂದು ತಾವಾಗಿ ಉರುಳಿದುವಲ್ಲ.

ಹಿಂದಿನ ದಿನ ಹಾನಗಲ್ಲಿನಲ್ಲಿ ತಾರಕೇಶ್ವರನ ಗುಡಿಯನ್ನು ನೋಡಿದ್ದೆವು. ಅದೂ ಹಳೆಯದೇ. ಮಂಟಪದ ಮೇಲ್ಛಾವಣಿಯಿಂದ ಕಲ್ಲಿನ ಹೆಗ್ಗಮಲವೊಂದು ಕೆಳಮೊಗವಾಗಿ ತೂಗುತ್ತಿದೆ. ದೇವರಿಗೆ ಪೂಜೆ ಇಂದಿಗೂ ನಡೆಯುತ್ತಿದೆ. ಇದನ್ನು ಹಾಳೆಂದು ಚಿತ್ರಿಸಹೊರಟವನು ಮೊದಲು ಅರ್ಚಕರನ್ನು ಹೊರಗೆ ಕಳುಹಿಸಬೇಕಾದೀತು.

ಬಂಕಾಪುರದಿಂದ ಹೊರಡುವಾಗ ದನ ಕಾಯುವ ಮುದುಕನೊಬ್ಬನನ್ನು, “ಈ ಹಾಳುಗುಡಿಯ ಹೆಸರೇನಪ್ಪ?” ಎಂದು ಕೇಳಿದೆವು.

“ಹಾಳ ಗುಡಿ ಅಲ್ರೀ,” ಎಂದು ಅವನು ಮೆಲ್ಲನೆ ತಿದ್ದಿದನು, “ಅರವತ್ತ ಕಂಬದ ಗುಡಿ.”