ಎರಡು ಇಟಗಿ, ಒಂದು ಮೊದಲ ನೂಕು

ಇಟಗಿ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು ಕೊಪ್ಪಳ ಜಿಲ್ಲೆಯ ಊರು. ಗದಗ ಜಿಲ್ಲೆಯ ರೋಣ ಸೀಮೆಯ ಭಕ್ತರಿಗಾದರೋ ಇಟಗಿ ಎಂದರೆ ಭೀಮಾಂಬಿಕೆಯ ನೆಲೆ. ಹೆಸರು ಒಂದೇ, ವಿದ್ವತ್ ಲೋಕದಲ್ಲಿ ಇವುಗಳಿಗೆ ದೊರೆತ ಗಮನ ಮಾತ್ರ ಬೇರೆ.

ಮೊದಲನೆಯ ಊರಿನಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯಿದೆ. ಶಾಸನವು ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಕಲ್ಲು ಮತ್ತು ಶಾಸನಗಳ ಅಧ್ಯಯನಕ್ಕೆ ಸರ್ಕಾರದ ಬಲ ಬೇಗ ಒದಗಿತು. 1872ರಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆ ಆರಂಭವಾಯಿತು. ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಹೆನ್ರಿ ಕಸಿನ್ಸ್ ಅವರ ಗ್ರಂಥ 1926ರಲ್ಲಿ ಹೊರಬಂದಿತು. ಮುಂದಿನವರಿಗೆ ಹಿಡಿದು ನಡೆಯಲು ದಾರಿ ಸಿದ್ಧವಾಗಿತ್ತು.

ಹೂತ ಬಂಡಿಯನ್ನು ಕದಲಿಸುವುದೇ ಕಷ್ಟ. ಕದಲಿದ ಮೇಲೆ ಎತ್ತುಗಳಿಗೆ ಅಷ್ಟು ಶ್ರಮವಿಲ್ಲ. ಸಂಶೋಧನೆಯಲ್ಲಿಯೂ ಹಾಗೆಯೇ. ಈಗಾಗಲೇ ಹೆಸರಾದವರಿಗೇ ಮತ್ತಷ್ಟು ಮನ್ನಣೆ ಸೇರುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ವಿವರಿಸಿದರು. ಈ ಮಾತು ವ್ಯಕ್ತಿಗಳಿಗಷ್ಟೇ ಅಲ್ಲ, ವಿಷಯಗಳಿಗೂ ಸಲ್ಲುತ್ತದೆ.

ಭೀಮವ್ವನ ಮಹಿಮೆ ಉಳಿದು ಬಂದಿರುವುದು ಬಹುಮಟ್ಟಿಗೆ ಭಕ್ತರ ಬಾಯಲ್ಲಿ. ಅಂಥ ಬಾಯ್ಮಾತಿನ ಸಂಪತ್ತಿಗೆ ನೂಕು ತಡವಾಗಿ ಬಂತು. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2011ರಲ್ಲಿ. ನಡುವಿನ ಅಂತರ ಎಂಬತ್ತು ವರ್ಷ.

ಶಾಸನದ ಕಲ್ಲು ವಿದ್ವಾಂಸರಿಗಾಗಿ ಶತಮಾನಗಟ್ಟಲೆ ಕಾದೀತು. ಹಾಡುವ ಅಜ್ಜಿ ಹಾಗೆ ಕಾಯಲಾರಳು. ಆದ್ದರಿಂದ ಯಾವ ವಿಷಯದಲ್ಲಿ ಹೆಚ್ಚು ಪುಸ್ತಕಗಳಿವೆಯೋ ಅದೇ ಹೆಚ್ಚು ಮುಖ್ಯವೆಂದು ಭಾವಿಸುವುದು ಸರಿಯಲ್ಲ. ಅಲ್ಲಿ ಮೊದಲು ಕೈಹಚ್ಚಿದವರು ಇದ್ದರು, ಅಷ್ಟೆ.