ವಲಸೆ ಬಂದವರು, ಮೂಲದವರು: ನಾಲ್ಕು ತಾಲ್ಲೂಕುಗಳ ಆರ್ಥಿಕ ಸ್ಥಿತಿಗತಿ

ದಾವಣಗೆರೆ: ಹೊರಗಿನಿಂದ ಬಂದವರು ಮುಂದೆ ಬಂದರು, ಇಲ್ಲಿಯವರು ಹಿಂದೆ ಉಳಿದರು ಎಂಬ ಮಾತು ರಾಜ್ಯದ ಎಲ್ಲ ಭಾಗಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಚುನಾವಣೆ, ಮೀಸಲಾತಿ ಅಥವಾ ನೀರಿನ ವಿವಾದಗಳು ಎದುರಾದಾಗ ಈ ಮಾತಿಗೆ ಹೆಚ್ಚು ಬಲ ಬರುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಈ ಮಾತನ್ನು ಪರೀಕ್ಷಿಸಲು ಸೂಕ್ತ ಕ್ಷೇತ್ರಗಳಾಗಿವೆ. ಇಲ್ಲಿ ಶತಮಾನಗಳಿಂದ ನೆಲೆಸಿರುವ ನಾಯಕ ಸಮುದಾಯವಿದೆ. ಎತ್ತುಗಳ ಮೇಲೆ ಸರಕು ಹೇರಿಕೊಂಡು ಉತ್ತರದಿಂದ ಬಂದ ಲಂಬಾಣಿಗರಿದ್ದಾರೆ. ಕಾಲುವೆಯ ನೀರನ್ನು ಅನುಸರಿಸಿ ಬಂದ ತೆಲುಗು ರೈತರಿದ್ದಾರೆ. ಹಕ್ಕಿ ಹಿಡಿಯುವ ಕಸುಬನ್ನು ಕಳೆದುಕೊಂಡು ಆಫ್ರಿಕಾದವರೆಗೆ ಹೋದ ಹಕ್ಕಿಪಿಕ್ಕಿಗಳೂ ಇದ್ದಾರೆ.

ಈ ನಾಲ್ಕು ಸಮುದಾಯಗಳ ಸ್ಥಿತಿಗತಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಾರು ಮೊದಲು ಬಂದರು ಎಂಬುದಕ್ಕಿಂತ ಯಾರ ಜಮೀನಿಗೆ ನೀರು ಬಂತು, ಯಾರ ಹೆಸರು ಪಹಣಿಗೆ ಬಂತು, ಯಾರನ್ನು ಕಾನೂನು ಯಾವ ಪಟ್ಟಿಗೆ ಸೇರಿಸಿತು ಎಂಬ ಮೂರು ಸಂಗತಿಗಳೇ ಅವರ ಆರ್ಥಿಕ ಸ್ಥಿತಿಯನ್ನು ಹೆಚ್ಚಾಗಿ ನಿರ್ಧರಿಸಿರುವುದು ಕಂಡುಬರುತ್ತದೆ.

ಮೂಲನಿವಾಸಿ ಎಂದರೆ ಯಾರು?

ಕೆನಡಾ, ಆಸ್ಟ್ರೇಲಿಯಾಗಳಂಥ ದೇಶಗಳಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಯುರೋಪಿಯನ್ನರು ಬರುವ ಮೊದಲೇ ಅಲ್ಲಿದ್ದವರು ಮೂಲನಿವಾಸಿಗಳು, ನಂತರ ಬಂದವರು ವಲಸಿಗರು. ಆ ದೇಶಗಳಲ್ಲಿ ಆದಾಯ, ಆರೋಗ್ಯ, ಶಿಕ್ಷಣಗಳಲ್ಲಿ ಮೂಲನಿವಾಸಿಗಳು ಇತರರಿಗಿಂತ ಬಹಳ ಹಿಂದಿದ್ದಾರೆ ಎಂಬುದು ಅಲ್ಲಿಯ ಸರ್ಕಾರಗಳೇ ಒಪ್ಪಿಕೊಂಡಿರುವ ಸಂಗತಿ.

ಭಾರತದಲ್ಲಿ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯ ಪರವಾಗಿ ಭಾರತ ಮತ ಹಾಕಿತಾದರೂ, ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನು ಬಿಟ್ಟುಕೊಟ್ಟಿಲ್ಲ. ಆದರೆ 2011ರ ಜನವರಿಯಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಭಾರತವು ಬಹುಮಟ್ಟಿಗೆ ವಲಸಿಗರ ದೇಶವೆಂದೂ ಬುಡಕಟ್ಟು ಜನರ ಪೂರ್ವಿಕರೇ ಇಲ್ಲಿಯ ಮೂಲನಿವಾಸಿಗಳಾಗಿರಬೇಕೆಂದೂ ಅಭಿಪ್ರಾಯಪಟ್ಟಿತು. ಆಡಳಿತದಲ್ಲಿ ಮಾತ್ರ ಈ ಚರ್ಚೆಯ ಸ್ಥಾನವನ್ನು ಪರಿಶಿಷ್ಟ ಪಂಗಡಗಳ ಪಟ್ಟಿ ತುಂಬಿದೆ. ಆ ಪಟ್ಟಿಯಲ್ಲಿರುವವರೆಲ್ಲ ಸ್ಥಳೀಯರಲ್ಲ, ಸ್ಥಳೀಯರೆಲ್ಲ ಆ ಪಟ್ಟಿಯಲ್ಲಿಲ್ಲ ಎಂಬುದನ್ನು ಈ ನಾಲ್ಕು ತಾಲ್ಲೂಕುಗಳು ತೋರಿಸಿಕೊಡುತ್ತವೆ.

ಒಂದೇ ಜಿಲ್ಲೆ, ಎರಡು ಸೀಮೆ

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಿತು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ಅರೆಮಲೆನಾಡಿನ ಅಂಚಿನಲ್ಲಿವೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಡುವ ಬಲದಂಡೆ ನಾಲೆ ಚನ್ನಗಿರಿ ತಾಲ್ಲೂಕನ್ನು ಹಾದು ದಾವಣಗೆರೆ, ಹರಿಹರದತ್ತ ಸಾಗುತ್ತದೆ. ಶಾಂತಿಸಾಗರ ಎಂದು ಕರೆಯಲಾಗುವ ಸೂಳೆಕೆರೆಯೂ ಚನ್ನಗಿರಿ ತಾಲ್ಲೂಕಿನಲ್ಲಿದೆ. ಹೊನ್ನಾಳಿ ಪಟ್ಟಣ ತುಂಗಭದ್ರೆಯ ದಡದಲ್ಲಿದೆ. ಭತ್ತ ಮತ್ತು ಅಡಿಕೆ ಈ ಭಾಗದ ಹಣದ ಬೆಳೆಗಳು. ಚನ್ನಗಿರಿಯ ತೋಟ ಉತ್ಪನ್ನಗಳ ಮಾರಾಟ ಸಹಕಾರ ಸಂಘ ‘ತುಮ್‌ಕೋಸ್’ನ ಅಡಿಕೆ ದರವನ್ನು ನೆರೆಯ ಜಿಲ್ಲೆಗಳ ಬೆಳೆಗಾರರೂ ಗಮನಿಸುತ್ತಾರೆ.

ಜಗಳೂರು ಅಪ್ಪಟ ಬಯಲುಸೀಮೆ. ಮಳೆ ಕಡಿಮೆ, ಅದರ ಮೇಲೆ ನಂಬಿಕೆ ಇನ್ನೂ ಕಡಿಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹತ್ತಿ ಇಲ್ಲಿಯ ಬೆಳೆಗಳು. ಕೊಳವೆಬಾವಿಗಳು ಅಂತರ್ಜಲವನ್ನು ಬಹುಮಟ್ಟಿಗೆ ಬರಿದು ಮಾಡಿವೆ. ಆದ್ದರಿಂದ ಚನ್ನಗಿರಿಯ ನಾಲೆಯ ಬದಿಯ 2 ಎಕರೆಯ ಒಡೆಯ, ಜಗಳೂರಿನ 10 ಎಕರೆಯ ಒಡೆಯನಿಗಿಂತ ಸ್ಥಿತಿವಂತನಾಗಿರುವುದು ಅಪರೂಪವೇನಲ್ಲ.

ನಾಯಕರು: ನೆಲವಿದೆ, ನೀರಿಲ್ಲ

ಈ ಪ್ರದೇಶದ ಮೂಲದವರೆಂದು ಹೆಚ್ಚು ಆಧಾರದಿಂದ ಹೇಳಿಕೊಳ್ಳಬಲ್ಲವರು ನಾಯಕರು. ಬೇಡ, ವಾಲ್ಮೀಕಿ ಎಂಬ ಹೆಸರುಗಳಿಂದಲೂ ಕರೆಯಲ್ಪಡುವ ಈ ಸಮುದಾಯ, 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರ್ ಅಲಿಯ ವಶವಾಗುವವರೆಗೆ ಈ ಸೀಮೆಯ ಪಾಳೆಯಗಾರಿಕೆಯನ್ನು ನಡೆಸಿತ್ತು. ಆಳಿದವರ ಸಮುದಾಯವಾದರೂ ಸಾಮಾನ್ಯ ನಾಯಕ ಕುಟುಂಬದ ಆಸ್ತಿ ಒಣಭೂಮಿ ಮತ್ತು ಕುರಿ, ದನಗಳಷ್ಟೇ ಆಗಿತ್ತು.

1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಮೊದಲಾದ ಪರ್ಯಾಯ ಪದಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ಸಮುದಾಯದ ಬದುಕಿನಲ್ಲಿ ದೊಡ್ಡ ತಿರುವು. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದಿಂದ 2019ರಲ್ಲಿ ಬೆಂಗಳೂರಿಗೆ ಹೊರಟ ಪಾದಯಾತ್ರೆ ಮೀಸಲಾತಿ ಹೆಚ್ಚಳದ ಬೇಡಿಕೆಯನ್ನು ರಾಜಧಾನಿಗೆ ಮುಟ್ಟಿಸಿತು. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇ. 15ರಿಂದ 17ಕ್ಕೆ ಏರಿಸಿತು.

ಹೀಗೆ ರಾಜಕೀಯ ಪ್ರಾತಿನಿಧ್ಯ ಮತ್ತು ಉದ್ಯೋಗದ ಬಾಗಿಲುಗಳು ತೆರೆದವು. ಆದರೆ ಸರ್ಕಾರಿ ನೌಕರಿ ಸಿಕ್ಕುವುದು ಕೆಲವರಿಗೆ, ಬೇಸಾಯವನ್ನು ನಂಬಿದವರು ಹಲವರು. ಬೇಸಾಯದ ಭವಿಷ್ಯ ನೀರಾವರಿ ಯೋಜನೆಗಳ ಮೇಲೆ ನಿಂತಿದೆ. ತುಂಗಭದ್ರಾ ನದಿಯಿಂದ, ಹರಿಹರ ತಾಲ್ಲೂಕಿನ ದೀಟೂರು ಬಳಿ ನೀರೆತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆ ಒಂದಾದರೆ, ಭದ್ರಾ ಮೇಲ್ದಂಡೆ ಯೋಜನೆ ಇನ್ನೊಂದು. ಮಧ್ಯ ಕರ್ನಾಟಕದ 2,25,515 ಹೆಕ್ಟೇರ್‌ಗೆ ನೀರು ಕೊಡುವ ಉದ್ದೇಶದ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣದ ಬಿಡುಗಡೆಯ ವಿಷಯ ನಂತರ ಕೇಂದ್ರ, ರಾಜ್ಯಗಳ ನಡುವಿನ ವಿವಾದವಾಗಿ ಬೆಳೆಯಿತು.

ಲಂಬಾಣಿಗರು: ಬಂದು ಶತಮಾನಗಳಾದರೂ ದಾಖಲೆಯಿಲ್ಲ

ಲಂಬಾಣಿ ಅಥವಾ ಬಂಜಾರ ಸಮುದಾಯದವರು ಧಾನ್ಯ, ಉಪ್ಪುಗಳನ್ನು ಎತ್ತುಗಳ ಮೇಲೆ ಹೇರಿಕೊಂಡು ಸೈನ್ಯಗಳಿಗೂ ಸಂತೆಗಳಿಗೂ ಪೂರೈಸುತ್ತಿದ್ದ ಸಾಗಣೆದಾರರು. ರಾಜಸ್ಥಾನದ ಕಡೆಯಿಂದ ದಖ್ಖನ್ನಿಗೆ ಬಂದವರೆಂದು ಅವರ ಗೋರ್‌ಬೋಲಿ ಭಾಷೆಯೇ ಸೂಚಿಸುತ್ತದೆ. ಸಮುದಾಯದ ಆರಾಧ್ಯರಾದ ಸಂತ ಸೇವಾಲಾಲರು 1739ರಲ್ಲಿ ಜನಿಸಿದರೆಂದು ನಂಬಲಾಗುವ ಸೂರಗೊಂಡನಕೊಪ್ಪ ಇರುವುದು ಇಂದಿನ ನ್ಯಾಮತಿ ತಾಲ್ಲೂಕಿನಲ್ಲಿ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ಹಲವು ರಾಜ್ಯಗಳಿಂದ ಭಕ್ತರು ಬರುತ್ತಾರೆ. ಅಂದರೆ ಇಂದು ಯಾರನ್ನು ವಲಸಿಗರೆನ್ನಲಾಗುತ್ತದೆಯೋ ಅವರ ಪವಿತ್ರ ಕ್ಷೇತ್ರವೇ ಈ ನೆಲದಲ್ಲಿದೆ.

ಬ್ರಿಟಿಷರ ಕಾಲದಲ್ಲಿ ರಸ್ತೆ, ರೈಲುಗಳು ಬಂದಾಗ ಎತ್ತಿನ ಸಾಗಣೆ ನಿಂತಿತು. ಊರಿನ ಫಲವತ್ತಾದ ಜಮೀನುಗಳು ಅದಾಗಲೇ ಇತರರ ಪಾಲಾಗಿದ್ದವು. ಲಂಬಾಣಿಗರು ಊರ ಹೊರಗೆ, ಗುಡ್ಡ ಮತ್ತು ಕಾಡಿನ ಅಂಚಿನಲ್ಲಿ ತಾಂಡಾ ಕಟ್ಟಿಕೊಂಡರು. ಸರ್ಕಾರಿ ಜಮೀನಿನಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿದರು. ಸಕ್ರಮಕ್ಕಾಗಿ ನಮೂನೆ 50, 53, 57ರಲ್ಲಿ ಅರ್ಜಿ ಸಲ್ಲಿಸುವ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಕಾಫಿ ತೋಟಗಳಿಗೂ ಕಬ್ಬು ಕಡಿಯುವ ಕೆಲಸಕ್ಕೂ ಗುಳೆ ಹೋಗುವುದು ಅನೇಕ ತಾಂಡಾಗಳಲ್ಲಿ ರೂಢಿಯಾಯಿತು. ಅಡಿಕೆ ಸುಗ್ಗಿಯಲ್ಲಿ ಖೇಣಿದಾರರ ಬಳಿ ಅಡಿಕೆ ಸುಲಿಯುವ ಕೂಲಿಯೂ ಇಲ್ಲಿಯ ಬಡ ಕುಟುಂಬಗಳಿಗೆ ಆಧಾರ.

ಒಂದು ವಿಷಯದಲ್ಲಿ ಈ ತಾಲ್ಲೂಕುಗಳ ಲಂಬಾಣಿಗರಿಗೆ ಇತರ ಭಾಗದವರಿಗಿಂತ ಅನುಕೂಲವಾಯಿತು. ಹಳೆಯ ಮೈಸೂರು ರಾಜ್ಯದಲ್ಲಿ 1950ರಲ್ಲಿಯೇ ಅವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದರು. ಮುಂಬೈ ಮತ್ತು ಹೈದರಾಬಾದ್ ಪ್ರಾಂತಗಳಿಂದ ಬಂದ ಜಿಲ್ಲೆಗಳಲ್ಲಿ ಅದೇ ಸಮುದಾಯ, ಪ್ರಾದೇಶಿಕ ನಿರ್ಬಂಧವನ್ನು ತೆಗೆದ 1976ರ ಕಾಯ್ದೆ ಜಾರಿಯಾಗುವವರೆಗೆ ಕಾಯಬೇಕಾಯಿತು. ಈ ಅವಕಾಶವನ್ನು ಬಳಸಿಕೊಂಡು ಶಿಕ್ಷಣ ಪಡೆದ ಕುಟುಂಬಗಳು ಶಿಕ್ಷಕರನ್ನು, ಪೊಲೀಸರನ್ನು, ಅಧಿಕಾರಿಗಳನ್ನು ರೂಪಿಸಿದವು. ಒಂದೇ ತಾಂಡಾದಲ್ಲಿ ನೌಕರಿಯ ಮನೆಗೂ ಗುಳೆ ಹೋಗುವ ಮನೆಗೂ ಇರುವ ಅಂತರ ಈಗ ಎದ್ದು ಕಾಣುತ್ತದೆ.

ತೆಲುಗು ರೈತರು: ಬಂಡವಾಳದೊಡನೆ ಬಂದವರು

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿದ ನಂತರ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದು ‘ಕ್ಯಾಂಪ್’ಗಳನ್ನು ಕಟ್ಟಿಕೊಂಡರು. ಭದ್ರಾ ಅಚ್ಚುಕಟ್ಟಿಗೂ ಸಣ್ಣ ಪ್ರಮಾಣದಲ್ಲಿ ಇಂಥ ವಲಸೆ ನಡೆಯಿತು.

ಕೃಷ್ಣಾ, ಗೋದಾವರಿ ಮುಖಜ ಭೂಮಿಯಲ್ಲಿ ಎಕರೆಗಟ್ಟಲೆ ಬೆಲೆ ಏರಿದ್ದಾಗ, ಅಲ್ಲಿ ಸ್ವಲ್ಪ ಮಾರಿ ಇಲ್ಲಿ ಹೆಚ್ಚು ಕೊಳ್ಳಲು ಸಾಧ್ಯವಿತ್ತು. ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಅನುಭವವೂ ಅವರಿಗಿತ್ತು. ಒಣಬೇಸಾಯವನ್ನಷ್ಟೇ ಬಲ್ಲ ಸ್ಥಳೀಯ ಸಣ್ಣ ರೈತನಿಗೆ ಗದ್ದೆ ಸಮತಟ್ಟು ಮಾಡಿಸಲೂ ಗೊಬ್ಬರಕ್ಕೂ ಹಣವಿರಲಿಲ್ಲ. ಅಂಥ ರೈತ ನೀರು ಬಂದಮೇಲೆಯೇ ಜಮೀನು ಮಾರಿದ ಅಥವಾ ಗುತ್ತಿಗೆಗೆ ಕೊಟ್ಟ ಉದಾಹರಣೆಗಳು ಅಚ್ಚುಕಟ್ಟು ಪ್ರದೇಶಗಳಲ್ಲಿ ಸಾಮಾನ್ಯ. ನೋಂದಾಯಿತ ಕ್ರಯಪತ್ರದೊಡನೆ ಬದುಕು ಆರಂಭಿಸಿದ ವಲಸಿಗನಿಗೆ ಬ್ಯಾಂಕು ಸಾಲ ಕೊಡುತ್ತದೆ. ತಲೆಮಾರುಗಳಿಂದ ಬಗರ್‌ಹುಕುಂ ಉಳುವವನಿಗೆ ಕೊಡುವುದಿಲ್ಲ.

ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರರ ಪಾಲಾಗದಂತೆ ತಡೆಯಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಜಮೀನು ಮರಳಿ ಪಡೆಯುವ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಸಲ್ಲಿಸಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಂತರ ಅನೇಕ ಪ್ರಕರಣಗಳು ಬಿದ್ದುಹೋದವು. ಅದಕ್ಕಾಗಿಯೇ 2023ರಲ್ಲಿ ಕಾಲಮಿತಿಯನ್ನು ತೆಗೆದುಹಾಕುವ ತಿದ್ದುಪಡಿಯನ್ನು ರಾಜ್ಯ ಶಾಸನಸಭೆ ಅಂಗೀಕರಿಸಿತು.

ಹಕ್ಕಿಪಿಕ್ಕಿಗಳು: ಪಂಗಡದ ಪಟ್ಟಿಯಲ್ಲಿರುವ ವಲಸಿಗರು

ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳ್ ಗ್ರಾಮಗಳಲ್ಲಿ ಹಕ್ಕಿಪಿಕ್ಕಿಗಳು ನೆಲೆಸಿದ್ದಾರೆ. ಗುಜರಾತಿಗೆ ಹತ್ತಿರದ ವಾಗ್ರಿ ಅವರ ಮಾತು. ವಲಸೆ ಬಂದವರಾದರೂ ಕಾನೂನಿನ ದೃಷ್ಟಿಯಲ್ಲಿ ಪರಿಶಿಷ್ಟ ಪಂಗಡದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿ ಹಿಡಿಯುವ ಕುಲಕಸುಬನ್ನು ಅಪರಾಧವಾಗಿಸಿತು. ಪರ್ಯಾಯವಾಗಿ ಸಾಕಷ್ಟು ಭೂಮಿ ದೊರೆಯಲಿಲ್ಲ. ಗಿಡಮೂಲಿಕೆ, ತಲೆಗೂದಲ ಎಣ್ಣೆ, ಪ್ಲಾಸ್ಟಿಕ್ ಹೂಗಳ ಮಾರಾಟ ಅವರ ಹೊಸ ವೃತ್ತಿಯಾಯಿತು. ಕ್ರಮೇಣ ಅದೇ ಸರಕಿನೊಂದಿಗೆ ಆಫ್ರಿಕಾದ ದೇಶಗಳಿಗೂ ಹೋಗತೊಡಗಿದರು.

ಕೈಗೆ ಹಣ ಬಂದಿತಾದರೂ ಅದಕ್ಕೆ ಭದ್ರತೆಯಿರಲಿಲ್ಲ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಗಳ ನಡುವೆ ಯುದ್ಧ ಆರಂಭವಾದಾಗ ಅಲ್ಲಿ ಸಿಲುಕಿದವರಲ್ಲಿ ಹುಣಸೂರು, ಶಿವಮೊಗ್ಗ, ಚನ್ನಗಿರಿ ಭಾಗದ ಹಕ್ಕಿಪಿಕ್ಕಿಗಳಿದ್ದರು. ‘ಆಪರೇಷನ್ ಕಾವೇರಿ’ ಕಾರ್ಯಾಚರಣೆಯ ಮೂಲಕ ಭಾರತೀಯರನ್ನು ಕರೆತರಲಾಯಿತು. ಸಾಲ ಮಾಡಿ ಸರಕು ಕೊಂಡು ಹೋದವರಿಗೆ ಜೀವ ಉಳಿದದ್ದಷ್ಟೇ ಲಾಭ.

ಒಂದು ನೋಟದಲ್ಲಿ

* ನಾಯಕರು: ಸ್ಥಳೀಯರು, ಪರಿಶಿಷ್ಟ ಪಂಗಡ. ರಾಜಕೀಯ ಪ್ರಾತಿನಿಧ್ಯವಿದೆ, ಜಗಳೂರಿನಲ್ಲಿ ಮುಖ್ಯ ಕೊರತೆ ನೀರು.
* ಲಂಬಾಣಿಗರು: ಹಳೆಯ ವಲಸಿಗರು, ಪರಿಶಿಷ್ಟ ಜಾತಿ. ಶಿಕ್ಷಣದಿಂದ ಒಂದು ವರ್ಗ ಮುಂದೆ ಬಂದಿದೆ. ಮುಖ್ಯ ಕೊರತೆ ಭೂದಾಖಲೆ.
* ತೆಲುಗು ರೈತರು: ಹೊಸ ವಲಸಿಗರು. ನೀರು, ಬಂಡವಾಳ, ದಾಖಲೆ ಮೂರೂ ಇದ್ದವು.
* ಹಕ್ಕಿಪಿಕ್ಕಿಗಳು: ವಲಸಿಗರು, ಪರಿಶಿಷ್ಟ ಪಂಗಡ. ಪಟ್ಟಿಯಲ್ಲಿ ಸ್ಥಾನವಿದೆ, ಭೂಮಿಯೂ ಸ್ಥಿರ ವೃತ್ತಿಯೂ ಕೊರತೆ.

ಪಟ್ಟಿ ಬದಲಾದರೆ ಹಕ್ಕೂ ಬದಲು

ಪಟ್ಟಿಯ ಮಹತ್ವ ಅರಣ್ಯ ಭೂಮಿಯ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯದಲ್ಲಿ ವಾಸವಾಗಿ ಅದನ್ನು ಅವಲಂಬಿಸಿದ್ದರೆ ಸಾಕು. ಇತರರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ತೆಲಂಗಾಣ, ಆಂಧ್ರಗಳಲ್ಲಿ ಪರಿಶಿಷ್ಟ ಪಂಗಡವಾಗಿರುವ ಲಂಬಾಣಿಗರು ಮೊದಲ ಗುಂಪಿಗೂ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಾಗಿರುವ ಅದೇ ಲಂಬಾಣಿಗರು ಎರಡನೆಯ ಗುಂಪಿಗೂ ಸೇರುತ್ತಾರೆ. ಊರೂರು ಅಲೆದ ಸಮುದಾಯ 75 ವರ್ಷಗಳ ಕಾಗದವನ್ನು ಎಲ್ಲಿಂದ ತರಬೇಕು ಎಂಬುದು ತಾಂಡಾಗಳ ಪ್ರಶ್ನೆ.

ವಾಸದ ಮನೆಗಳ ವಿಷಯದಲ್ಲಿ ಪರಿಹಾರ ಸಿಕ್ಕಿದೆ. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿ, ಕ್ಯಾಂಪ್‌ಗಳ ನಿವಾಸಿಗಳಿಗೆ ಮಾಲೀಕತ್ವ ನೀಡಲು ಭೂಸುಧಾರಣಾ ಕಾಯ್ದೆಗೆ 38-ಎ ಕಲಂ ಸೇರಿತು. ಇದರಿಂದ ಮನೆಯ ಅಡಿಯ ನೆಲಕ್ಕೆ ಹಕ್ಕುಪತ್ರ ದೊರೆಯುತ್ತದೆ. ಉಳುವ ನೆಲದ ಪ್ರಶ್ನೆ ಉಳಿಯುತ್ತದೆ.

ಮೀಸಲಾತಿಯ ಹಂಚಿಕೆಯೂ ಇದೇ ಚರ್ಚೆಯ ಭಾಗ. 2025ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗದ ವರದಿಯ ನಂತರ ರಾಜ್ಯ ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ. 17ನ್ನು 6, 6 ಮತ್ತು 5 ಎಂದು ಹಂಚಿತು. ಲಂಬಾಣಿ, ಭೋವಿ, ಕೊರಮ, ಕೊರಚ ಸಮುದಾಯಗಳೊಡನೆ 59 ಅಲೆಮಾರಿ ಸಮುದಾಯಗಳನ್ನೂ ಶೇ. 5ರ ಗುಂಪಿಗೆ ಸೇರಿಸಲಾಯಿತು. ಪಾಲು ಕಡಿಮೆಯಾಯಿತೆಂದು ಲಂಬಾಣಿಗರು, ಬಲಾಢ್ಯರೊಡನೆ ಸೇರಿಸಲಾಯಿತೆಂದು ಅಲೆಮಾರಿಗಳು ಪ್ರತಿಭಟಿಸಿದರು.

ಸರಾಸರಿಯ ಮರೆಯಲ್ಲಿ

2011ರ ಜನಗಣತಿಯಂತೆ ದಾವಣಗೆರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 20, ಪರಿಶಿಷ್ಟ ಪಂಗಡದವರು ಸುಮಾರು ಶೇ. 12. ರಾಜ್ಯದ ಸರಾಸರಿ ಕ್ರಮವಾಗಿ ಶೇ. 17 ಮತ್ತು 7. ರಾಜ್ಯದ ಒಟ್ಟು ಸಾಕ್ಷರತೆ ಶೇ. 75 ಇದ್ದಾಗ ಪರಿಶಿಷ್ಟ ಜಾತಿಗಳದ್ದು ಶೇ. 65, ಪಂಗಡಗಳದ್ದು ಶೇ. 62. ಆದರೆ ಪಂಗಡ ಎಂಬ ಒಂದೇ ಸಾಲಿನಲ್ಲಿ ಜಗಳೂರಿನ ನಾಯಕನೂ ಅಸ್ತಾಪನಹಳ್ಳಿಯ ಹಕ್ಕಿಪಿಕ್ಕಿಯೂ ಸೇರಿಹೋಗುತ್ತಾರೆ.

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ 35 ಸೂಚ್ಯಂಕಗಳನ್ನು ಬಳಸಿ, 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅಲ್ಲಿಯ ಅಳತೆ ತಾಲ್ಲೂಕು. ಮೀಸಲಾತಿಯ ಅಳತೆ ಜಾತಿ. ಅಡಿಕೆ ತೋಟಗಳ ಚನ್ನಗಿರಿಯಲ್ಲಿರುವ ಭೂರಹಿತ ತಾಂಡಾ ಮೊದಲ ಅಳತೆಗೆ ಸಿಗುವುದಿಲ್ಲ, ಒಂದೇ ಜಾತಿಯೊಳಗಿನ ನೀರಾವರಿ ರೈತ ಮತ್ತು ಗುಳೆ ಹೋಗುವ ಕೂಲಿಯ ವ್ಯತ್ಯಾಸ ಎರಡನೆಯದಕ್ಕೆ ಸಿಗುವುದಿಲ್ಲ. ಜಗಳೂರಿನ ಕೆರೆಗಳಿಗೆ ನೀರು ಬಂದಂತೆ ಅಲ್ಲಿಯ ಭೂಮಿಯ ಬೆಲೆಯೂ ಏರುತ್ತದೆ. ಆಗ ಭದ್ರಾ, ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ನಡೆದಂತೆ ಸಣ್ಣ ಹಿಡುವಳಿದಾರರು ಜಮೀನು ಮಾರಿ ಕೂಲಿಗಳಾಗದಿರಬೇಕಾದರೆ, ಬಾಕಿ ಇರುವ ಸಾಗುವಳಿ ಅರ್ಜಿಗಳ ಇತ್ಯರ್ಥ ಮತ್ತು ಬೇಸಾಯ ಸಾಲದ ವ್ಯವಸ್ಥೆ ನೀರಿಗಿಂತ ಮೊದಲೇ ಆಗಬೇಕಾಗುತ್ತದೆ.